ಚಿಗರೆಯ ಕಾಲು, ಮೈಕಣ್ಣನ ಬಾಯಿ

ಬಸ್ ನಿಲ್ದಾಣದ ಮೇಲ್ಮಹಡಿಯಲ್ಲಿ, ಪಾರಿವಾಳಗಳೂ ಇಕ್ಕಟ್ಟಾಯಿತೆಂದು ಬಿಟ್ಟುಹೋಗಿದ್ದ ಒಂದು ಗಾಜಿನ ಗೂಡು. ಅದರೊಳಗೆ ಒಂದು ಮೇಜು, ಮೇಜಿನ ಮೇಲೊಂದು ಮೈಕು, ಮೈಕಿನ ಹಿಂದೆ ಮೈಕಣ್ಣ. ಅಪ್ಪ ಅಮ್ಮ ಇಟ್ಟ ಹೆಸರೂ ಅವನಿಗೊಂದಿತ್ತು. ಅದನ್ನು ಸಂಬಳದ ದಿನ ಮಾತ್ರ ಹೊರತೆಗೆಯುತ್ತಿದ್ದರು. ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ ಬರುತ್ತದೆ, ಯಾವುದು ತಡ, ಯಾವುದು ರದ್ದು, ಯಾರ ಛತ್ರಿ ಯಾವ ಬೆಂಚಿನ ಮೇಲೆ ಅನಾಥವಾಗಿದೆ ಎಂದು ಸಾರುವುದು ಅವನ ಉದ್ಯೋಗ. ಧ್ವನಿಯನ್ನು ಮಾತ್ರ ದೇವರು ಅಳತೆ ಮಾಡದೆ ಸುರಿದಿದ್ದ. ಬಸ್ಸಿನ ಚಕ್ರ ಪಂಕ್ಚರಾಗಿದೆ ಎಂದು ಅವನು ಹೇಳಿದರೂ ಕೇಳುವವರಿಗೆ ಯಾರದೋ ಪಟ್ಟಾಭಿಷೇಕದ ಸುದ್ದಿಯಂತೆ ಇರುತ್ತಿತ್ತು.

ಮನುಷ್ಯ ಚಿನ್ನದಂಥವನು. ಕುಡಿತವಿಲ್ಲ, ಜೂಜಿಲ್ಲ. ಇದ್ದದ್ದು ಒಂದೇ ಚಟ: ಚಿಗರೆ ತನಗೆ ಬಹಳ ಬೇಕಾದವನು ಎಂದು ಹೇಳಿಕೊಳ್ಳುವುದು.

ಚಿಗರೆ ಎಂದರೆ ಫುಟ್‌ಬಾಲ್ ಆಟಗಾರ. ಹೊಳೆಯೊಂದು ಊರನ್ನು ಎರಡಾಗಿ ಸೀಳಿಕೊಂಡು ಹರಿಯುತ್ತಿತ್ತು. ಈಚೆ ದಡಕ್ಕೊಂದು ತಂಡ, ಆಚೆ ದಡಕ್ಕೊಂದು ತಂಡ, ನಡುವೆ ಒಂದು ಸೇತುವೆ. ಹೆಣ್ಣು ಕೊಡುವುದು ತರುವುದು, ವ್ಯಾಪಾರ, ನೆಂಟಸ್ತನ ಎಲ್ಲವೂ ಸೇತುವೆಯ ಮೇಲೆ ಸಲೀಸಾಗಿ ನಡೆಯುತ್ತಿತ್ತು. ಫುಟ್‌ಬಾಲ್ ವಿಷಯಕ್ಕೆ ಬಂದರೆ ಮಾತ್ರ ಎರಡೂ ದಡಗಳದು ಎಣ್ಣೆ ಸೀಗೇಕಾಯಿ ಸಂಬಂಧ. ಚಿಗರೆ ಈಚೆ ದಡದವನು. ಎದುರಾಳಿಗಳ ಕಾಲುಗಳ ಸಂದಿಯಲ್ಲಿ ಅವನು ಜಿಂಕೆಯಂತೆ ನುಗ್ಗಿ ಹೋಗುವ ಚಂದಕ್ಕೇ ಆ ಹೆಸರು ಬಂದದ್ದು.

“ಚಿಗರೆನಾ? ಅಯ್ಯೋ, ನಾನೇ ಬೆಳೆಸಿದ ಹುಡುಗ ಕಣ್ರೀ,” ಎಂದು ಮೈಕಣ್ಣ ಕ್ಷೌರದಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಹೇಳುತ್ತಿದ್ದ. “ನನ್ನನ್ನ ಒಂದು ಮಾತು ಕೇಳದೆ ಅವನು ಹೊಸ ಬೂಟು ಕೂಡ ತಗೊಳಲ್ಲ.”

ನಿಜ ಹೇಳಬೇಕೆಂದರೆ ಅವರಿಬ್ಬರೂ ಭೇಟಿಯಾದದ್ದು ಒಂದೇ ಸಲ. ಚಿಗರೆ ಅವಸರದಲ್ಲಿ ಗಾಜಿನ ಗೂಡಿಗೆ ತಲೆ ಹಾಕಿ, “ಅಣ್ಣಾ, ಇಲ್ಲಿ ಶೌಚಾಲಯ ಎಲ್ಲಿದೆ?” ಎಂದು ಕೇಳಿದ್ದ. ಅಷ್ಟು ಹತ್ತಿರದಿಂದ ಅವನನ್ನು ಕಂಡ ಸಂಭ್ರಮಕ್ಕೆ ಮೈಕಣ್ಣನ ಆ ಪ್ರಖ್ಯಾತ ಧ್ವನಿ ಗಂಟಲಲ್ಲೇ ಉಳಿಯಿತು. ಸುಮ್ಮನೆ ಕೈ ತೋರಿಸಿದ. ತೋರಿಸಿದ ದಿಕ್ಕೂ ಸರಿಯಿರಲಿಲ್ಲ.

ಹೀಗೆ ಸುಖವಾಗಿದ್ದವನ ಗೂಡಿಗೆ ಒಂದು ಬೆಳಿಗ್ಗೆ ಕೆಳಗಿನ ಚಹಾದಂಗಡಿಯವನು ಲೋಟದ ಜೊತೆ ಒಂದು ಸುದ್ದಿಯನ್ನೂ ಹಿಡಿದುಕೊಂಡು ಏದುಸಿರು ಬಿಡುತ್ತಾ ಬಂದ.

“ಮೈಕಣ್ಣಾ, ಚಿಗರೆನ ಆಚೆ ದಡದೋರಿಗೆ ಕೊಟ್ಟುಬಿಟ್ರಂತೆ!”

“ಕೊಟ್ರಾ? ಏನೋ ಹಾಗಂದ್ರೆ? ಅವನೇನು ಹೆಣ್ಣಾ ಕೊಡೋಕೆ?”

“ಅದಲುಬದಲು. ಇವನನ್ನ ಕೊಟ್ಟು ಅವರ ಗೋಲ್‌ಕೀಪರ್‌ನ ತಗೊಂಡಿದ್ದಾರೆ. ಅದೇ, ‘ಗೋಡೆ’ ಅಂತಾರಲ್ಲ, ಅವನನ್ನ. ಅಲ್ಲಾ, ನಿಮಗೆ ಮೊದಲೇ ಗೊತ್ತಿರಬೇಕಲ್ಲ? ನಿಮ್ಮನ್ನ ಕೇಳದೆ ಅವನು ಬೂಟು ಕೂಡ ತಗೊಳಲ್ಲ ಅಂತಿದ್ರಿ?”

ಅಷ್ಟರಲ್ಲಿ ನಿಲ್ದಾಣದ ಮ್ಯಾನೇಜರ್ ಸಾಹೇಬರೂ ಬಾಗಿಲಲ್ಲಿ ನಿಂತಿದ್ದರು. “ಏನ್ರೀ, ನಿಮ್ಮ ಹುಡುಗ ಒಂದು ಮಾತೂ ಹೇಳಲಿಲ್ವಾ?” ಎಂದು ಅವರೂ ಕೇಳಿದರು. ಸಾಹೇಬರ ಹಿಂದೆ ಇಬ್ಬರು ಡ್ರೈವರುಗಳು ಕುತ್ತಿಗೆ ಉದ್ದ ಮಾಡಿದ್ದರು.

ಇಲ್ಲಿ ಓದುಗರಿಗೆ ಒಂದು ತಾಂತ್ರಿಕ ವಿಷಯ ಅರಿಕೆ ಮಾಡಬೇಕು. ಮೈಕಣ್ಣ ಆಗಷ್ಟೇ ಒಂದು ಬಸ್ಸಿನ ವಿಷಯ ಸಾರಿ ಮುಗಿಸಿದ್ದ. ಮೈಕಿನ ಗುಂಡಿ ಒತ್ತಿದ್ದು ಒತ್ತಿದಂತೆಯೇ ಇತ್ತು.

“ಹೇಳಲಿಲ್ಲ!” ಎಂದು ಮೈಕಣ್ಣ ಲೋಟವನ್ನು ಮೇಜಿಗೆ ಕುಟ್ಟಿದ. “ನನಗೇ ಹೇಳಲಿಲ್ಲ! ಉಂಡ ಮನೆಗೆ ಎರಡು ಬಗೆದ! ಆಚೆ ದಡದ ಅಂಗಿ ತೊಟ್ಟು ಮೈದಾನಕ್ಕೆ ಇಳಿದ ದಿನಾನೇ ಅವನ ಕಾಲು ಮುರೀಲಿ!”

ಮುರೀಲಿ, ಮುರೀಲಿ, ಮುರೀಲಿ ಎಂದು ಎಲ್ಲ ಪ್ಲಾಟ್‌ಫಾರಂಗಳೂ ಪ್ರತಿಧ್ವನಿಸಿದವು. ನಿಲ್ದಾಣಕ್ಕೆ ನಿಲ್ದಾಣವೇ ತಲೆಯೆತ್ತಿ ಧ್ವನಿವರ್ಧಕಗಳತ್ತ ನೋಡಿತು. ಗಂಟುಮೂಟೆಯ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಪಕ್ಕದವರನ್ನು, “ಯಾವ ಊರಿನ ಬಸ್ಸಂತಪ್ಪಾ?” ಎಂದು ಕೇಳಿದರು. ಆಮೇಲೆ ಯಾರೋ ಒಬ್ಬ ಚಪ್ಪಾಳೆ ತಟ್ಟಿದ. ಒಂದು ಕೈ ನಾಲ್ಕಾಗಿ, ನಾಲ್ಕು ನೂರಾಗಿ ಇಡೀ ನಿಲ್ದಾಣ ಚಪ್ಪಾಳೆಯಲ್ಲಿ ಮುಳುಗಿತು. ಊರಿಗೆ ಊರೇ ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದುದನ್ನು ಮೈಕಣ್ಣ ಸರಕಾರಿ ವೆಚ್ಚದಲ್ಲಿ ಸಾರಿದ್ದ.

ಪಂದ್ಯದ ದಿನದವರೆಗೆ ಅವನು ಊರಿನ ಹೀರೋ. ಚಹಾದಂಗಡಿಯವನು ಲೋಟದ ಅಂಚಿನ ತನಕ ಚಹಾ ಸುರಿದ. ಕಂಡಕ್ಟರುಗಳು ಬೆನ್ನು ತಟ್ಟಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಯಾರಿಗೂ ನೆನಪಾಗಲಿಲ್ಲ.

ಆಚೆ ದಡದ ಅಂಗಿಯಲ್ಲಿ ಚಿಗರೆಯ ಮೊದಲ ಪಂದ್ಯವನ್ನು ಜನ ಕ್ಷೌರದಂಗಡಿಯ ಟಿವಿಯ ಮುಂದೆ ಮುಗಿಬಿದ್ದು ನೋಡಿದರು. ಮೈಕಣ್ಣ ಮುಖ್ಯ ಅತಿಥಿಯಂತೆ ಕ್ಷೌರದ ಕುರ್ಚಿಯಲ್ಲೇ ಆಸೀನನಾಗಿದ್ದ. ಎಡಗೆನ್ನೆಯ ಕ್ಷೌರ ಮುಗಿದಿತ್ತು. ಬಲಗೆನ್ನೆಯ ಮೇಲೆ ನೊರೆ ಕಾಯುತ್ತಿತ್ತು. ಚಿಗರೆಯ ಕಾಲಿಗೆ ಚೆಂಡು ಸಿಕ್ಕಾಗಲೆಲ್ಲ ಅಂಗಡಿ, “ಥೂ ದ್ರೋಹಿ!” ಎನ್ನುತ್ತಿತ್ತು. ಹಾಗೆ ನೋಡಿದರೆ ಅವನು ಯಾಕೋ ಸ್ವಲ್ಪ ಕುಂಟುತ್ತಲೇ ಓಡುತ್ತಿದ್ದ. ಬೈಯುವ ಭರದಲ್ಲಿ ಅದನ್ನು ಗಮನಿಸುವ ವ್ಯವಧಾನ ಯಾರಿಗಿತ್ತು?

ಮೇಲೆ ಬಂದ ಚೆಂಡಿಗೆ ತಲೆ ಕೊಡಲು ಚಿಗರೆ ಹಾರಿದ. ಇಳಿಯುವಾಗ ಕಾಲು ಓರೆಯಾಯಿತು. ಕೂತ.

“ಹೋ!” ಎಂದು ಯಾರೋ ಕೂಗಿದರು. ಚಿಗರೆ ಏಳಲಿಲ್ಲ. ಕೂಗಿದವನು ಬಾಯಿ ಮುಚ್ಚಿಕೊಂಡ. ಸ್ಟ್ರೆಚರ್ ಬಂತು. ಚಿಗರೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ.

“ಅಯ್ಯೋ ನಮ್ಮ ಹುಡುಗ!” ಎಂದು ಹಾರ್ಡ್‌ವೇರ್ ಅಂಗಡಿಯ ಯಜಮಾನರು ಎದೆ ಹಿಡಿದುಕೊಂಡರು.

“ಈಗ ತಾನೇ ದ್ರೋಹಿ ಅಂದ್ರಿ?”

“ದ್ರೋಹಿ ಆದ್ರೇನು, ಕಾಲು ನಮ್ದಲ್ವೇನೋ? ಆ ಕಾಲನ್ನ ಬೆಳೆಸಿದ್ದು ನಮ್ಮ ಮೈದಾನ! ಅಂಗಿ ಮಾತ್ರ ಅವರದು!”

ಕಾಲು ಯಾವ ದಡಕ್ಕೆ ಸೇರಿದ್ದು ಎಂಬುದರ ಮೇಲೆ ಚರ್ಚೆ ಬಿಸಿಯೇರುವಷ್ಟರಲ್ಲಿ, ಗೋಡೆಯ ದೊಡ್ಡ ಕನ್ನಡಿಯೊಳಗಿನ ಮುಖಗಳೆಲ್ಲ ಒಂದೊಂದಾಗಿ ಕುರ್ಚಿಯ ಕಡೆ ತಿರುಗಿದವು.

“ಅಂದ ಹಾಗೇ ಆಯ್ತಲ್ಲ…” ಎಂದು ಒಬ್ಬ ಪಿಸುಗುಟ್ಟಿದ.

“ಕರಿನಾಲಿಗೆ!” ಎಂದ ಇನ್ನೊಬ್ಬ.

ಕ್ಷೌರಿಕ ಕತ್ತಿಯನ್ನು ಮೆಲ್ಲನೆ ಕೆಳಗಿಟ್ಟು, ಬಲಗೆನ್ನೆಯ ನೊರೆಯನ್ನು ಟವೆಲಿನಿಂದ ಒರೆಸಿದ. “ಇವತ್ತಿಗೆ ಇಷ್ಟು ಸಾಕು ಅಣ್ಣಾ.”

“ಈ ಕಡೆ ಕೆನ್ನೆ?”

“ಬೇಡ ಅಣ್ಣಾ. ಕತ್ತಿ ಎಲ್ಲಾದ್ರೂ ತಾಗಿ, ನೀವು ನೋವಿಗೆ ‘ಹಾಳಾಗಿ ಹೋಗು’ ಅಂದ್ಬಿಟ್ರೆ? ನಾನು ಹೆಂಡತಿ ಮಕ್ಕಳು ಇರೋನು.”

ಅರ್ಧ ಗಡ್ಡದ ಮೈಕಣ್ಣ ಮನೆಗೆ ಬಂದಾಗ ಸುದ್ದಿ ಅವನಿಗಿಂತ ಮುಂಚೆಯೇ ಬಂದು ಕೂತಿತ್ತು. ನಡುಮನೆಯಲ್ಲಿ ಅತ್ತೆ ಇದ್ದರು. ಅತ್ತೆಯ ತವರು ಆಚೆ ದಡ. ಮದುವೆಯಾಗಿ ಸೇತುವೆ ದಾಟಿ ಬಂದವರು ದಿಂಬು, ಪೆಟ್ಟಿಗೆ, ಮಾತು ಎಲ್ಲವನ್ನೂ ತಂದಿದ್ದರು. ತಂಡವನ್ನೂ ಬಿಟ್ಟು ಬಂದಿರಲಿಲ್ಲ. ಚಿಗರೆ ತಮ್ಮ ತಂಡಕ್ಕೆ ಬಂದ ಎಂದು ಗೊತ್ತಾದ ದಿನ ಅವರು ಅಳಿಯನಿಗೆ ಎರಡು ಸಲ ಬಡಿಸಿದ್ದರು.

“ಅಳಿಯಂದಿರೇ,” ಎಂದರು ಅತ್ತೆ, “ಬಚ್ಚಲ ನಲ್ಲಿ ಸರಿ ಮಾಡ್ತೀನಿ ಅಂದ್ರಿ, ಇವತ್ತಿಗೂ ಸೋರ್ತಿದೆ. ಅಟ್ಟದ ಬಲ್ಬು ಹಾಕ್ತೀನಿ ಅಂದ್ರಿ, ಇನ್ನೂ ಕತ್ತಲೇ. ಇಷ್ಟು ವರ್ಷದಲ್ಲಿ ನೀವು ಅಂದದ್ದರಲ್ಲಿ ನಡೆದದ್ದು ಇದೊಂದೇನಾ?”

“ಅತ್ತೆ, ನಾನು ಸುಮ್ಮನೆ ಕೋಪಕ್ಕೆ…”

“ಇನ್ನೇನೂ ಅನ್ಬೇಡಿ! ಬಾಯಿ ಮುಚ್ಚಿ! ಮನೆಲಿ ಗಾಜಿನ ಸಾಮಾನಿದೆ!”

ಹೆಂಡತಿ ಮಾತ್ರ ಇದರಲ್ಲೊಂದು ಅನುಕೂಲ ಕಂಡಳು. “ರೀ, ಒಂದ್ಸಲ ‘ಹಾಲು ಉಕ್ಕದೇ ಇರಲಿ’ ಅನ್ನಿ, ನಾನು ಅಷ್ಟರಲ್ಲಿ ಬಟ್ಟೆ ಒಣಗಹಾಕಿ ಬರ್ತೀನಿ,” ಎಂದು ಹಿತ್ತಲಿಗೆ ಹೋದಳು. ಮೈಕಣ್ಣ ಅಂದ. ಹಾಲು ಉಕ್ಕಿ ಒಲೆ ತೊಳೆಯಿತು. “ಒಳ್ಳೇದಕ್ಕೆ ನಿಮ್ಮ ನಾಲಿಗೆ ನಡೆಯಲ್ಲ ಬಿಡಿ,” ಎಂದು ಅವಳು ಒರೆಸುವ ಬಟ್ಟೆ ಕೈಗೆ ಕೊಟ್ಟಳು.

ಮಾರನೆಯ ದಿನದಿಂದ ಮೈಕಣ್ಣನ ಜೀವನವೇ ಬೇರೆಯಾಯಿತು. ಬೀದಿಯಲ್ಲಿ ಅವನು ಬಂದರೆ ಜನ ಎದುರು ಬದಿಗೆ ಸರಿದು, ಅಲ್ಲಿಂದಲೇ ಬಹಳ ವಿನಯದಿಂದ ಕೈ ಮುಗಿಯುತ್ತಿದ್ದರು. ಮ್ಯಾನೇಜರ್ ಸಾಹೇಬರು, “ಇದೆಲ್ಲಾ ಮೂಢನಂಬಿಕೆ ಕಣ್ರೀ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು, ಅಷ್ಟೇ,” ಎಂದು ಧೈರ್ಯ ಹೇಳಿದರು, ಹೇಳುವಾಗ ಬಾಗಿಲ ಆಚೆಯೇ ನಿಂತಿದ್ದರು. ಎರಡು ತಿಂಗಳಿಂದ ಕೇಳುತ್ತಿದ್ದ ರಜೆಯನ್ನು ಈಗ ಮತ್ತೆ ಕೇಳದೆಯೇ ಮಂಜೂರು ಮಾಡಿದರು. “ತಡವಾಗಿ ಬರಲಿದೆ” ಎಂದು ಅವನು ಸಾರಿದರೆ ಆ ಬಸ್ಸಿನ ಡ್ರೈವರ್ ಮೆಟ್ಟಿಲು ಹತ್ತಿ ಬಂದು, “ಅಣ್ಣಾ, ಹಾಗನ್ಬೇಡಿ. ಎಂಜಿನ್ ಹಳೇದು, ಮನಸ್ಸಿಗೆ ಹಚ್ಕೊಳ್ಳುತ್ತೆ,” ಎಂದು ಅಂಗಲಾಚುತ್ತಿದ್ದ.

ಪಕ್ಕದ ಮನೆಯ ಬಾಡಿಗೆದಾರ ಗೋಡೆ ಮೇಲಿಂದ ಇಣುಕಿದ. “ಅಣ್ಣಾ, ನಮ್ಮ ಮನೆ ಮಾಲೀಕರ ಬಗ್ಗೆ ಒಂದು ಮಾತು ಅನ್ನೋಕಾಗುತ್ತಾ? ದೊಡ್ಡದೇನೂ ಬೇಡ. ಒಂದು ಹಲ್ಲುನೋವು ಸಾಕು.”

“ನಾನು ಅಂಥೋನಲ್ಲಪ್ಪಾ!”

“ಹಾಗಾದ್ರೆ ಬರೀ ವಸಡು ಊತ?”

ಇಷ್ಟೇ ಆಗಿದ್ದರೆ ಮೈಕಣ್ಣ ಹೇಗೋ ಸಹಿಸಿಕೊಳ್ಳುತ್ತಿದ್ದ. ಆದರೆ ಆಚೆ ದಡದ ಅಭಿಮಾನಿಗಳು ಸುಮ್ಮನಿರಲಿಲ್ಲ. ಅವರ ಸಂಘದ ಅಧ್ಯಕ್ಷನು ಬೀಗ ರಿಪೇರಿ ಮಾಡುವವನು. ಎರಡು ದಡದಲ್ಲೂ ಅವನನ್ನು ಬೀಗದಪ್ಪ ಎಂದೇ ಕರೆಯುತ್ತಿದ್ದರು. ಬೀಗದಪ್ಪ ಒಂದು ಗುಂಪು ಕಟ್ಟಿಕೊಂಡು ಬಂದು ಮ್ಯಾನೇಜರ್ ಸಾಹೇಬರ ಕೋಣೆಯಲ್ಲಿ ನಿಂತ.

“ಮೈಕಲ್ಲಿ ಅಂದದ್ದನ್ನ ಮೈಕಲ್ಲೇ ವಾಪಸ್ ತಗೋಬೇಕು. ಇಲ್ಲಾಂದ್ರೆ ನಾವೆಲ್ಲಾ ಸೇತುವೆ ಮೇಲೆ ಕೂರ್ತೀವಿ. ಒಂದು ಬಸ್ಸೂ ದಾಟಲ್ಲ.”

“ಅನ್ಯಾಯ!” ಎಂದು ಚಹಾದಂಗಡಿಯವನು ಮಧ್ಯೆ ಬಾಯಿ ಹಾಕಿದ. “ಚಿಗರೆ ನಿಮಗಿಂತ ಮೊದಲು ನಮ್ಮೋನು. ನಮಗೂ ದುಃಖ ಆಗಿದೆ.”

“ನಿಮ್ಮೋನಾಗಿದ್ರೆ ಯಾಕ್ರೀ ಕೊಟ್ರಿ?”

“ನಾವೆಲ್ಲಿ ಕೊಟ್ವಿ? ಕೊಟ್ಟಿದ್ದು ಕ್ಲಬ್ಬು! ನೀವು ಯಾಕ್ರೀ ಆ ಗೋಡೆನ ನಮ್ಮ ತಲೆಗೆ ಕಟ್ಟಿದ್ರಿ? ಗೋಡೆ ಅಂತ ಹೆಸರು, ಬಾಗಿಲು ಮಾತ್ರ ಯಾವಾಗಲೂ ತೆಗೆದೇ ಇರುತ್ತೆ!”

ಸಾಹೇಬರು ಮೇಜು ಕುಟ್ಟಿದರು. “ಮೈಕಣ್ಣಾ, ಹೋಗಿ ವಾಪಸ್ ತಗೊಳ್ರೀ. ಈಗಲೇ.”

ಮೈಕಣ್ಣ ಗೂಡು ಹತ್ತಿದ. ಕೆಳಗೆ ಎರಡೂ ದಡದ ಜನ ಮುಖ ಮೇಲೆತ್ತಿ ನಿಂತಿದ್ದರು. ಅವನು ಮೈಕಿನ ಗುಂಡಿ ಒತ್ತಿದ. ಎಷ್ಟೋ ವರ್ಷಗಳಿಂದ ಮೈಕಿನ ಮುಂದೆ ಒಂದೇ ಬಗೆಯ ಮಾತಾಡಿ ರೂಢಿಯಾದ ಬಾಯಿ ಅದು. ಭಯ ಬಿದ್ದಾಗ ಬಾಯಿ ತನಗೆ ಗೊತ್ತಿದ್ದ ದಾರಿಯಲ್ಲೇ ಓಡುತ್ತದೆ.

“ಪ್ರಯಾಣಿಕರೇ, ದಯವಿಟ್ಟು ಗಮನಿಸಿ. ಈ ಹಿಂದೆ ಮುರಿಯಲಿ ಎಂದು ಪ್ರಕಟಿಸಲಾಗಿದ್ದ ಚಿಗರೆಯವರ ಕಾಲು… ಕಾರಣಾಂತರಗಳಿಂದ ರದ್ದಾಗಿದೆ. ಆಗಿರುವ ಅನಾನುಕೂಲಕ್ಕೆ ವಿಷಾದಿಸುತ್ತೇವೆ.”

ಕೆಳಗೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಏನಂದ್ರು? ಕಾಲು ರದ್ದಾ?”

“ರದ್ದಂತೆ!”

“ರದ್ದು ಅಂದ್ರೆ… ತೆಗೆದುಬಿಟ್ರಾ?”

ನಿಲ್ದಾಣದ ಈ ತುದಿಯಲ್ಲಿ ‘ರದ್ದು’ ಆಗಿದ್ದ ಕಾಲು ಆ ತುದಿ ಮುಟ್ಟುವಷ್ಟರಲ್ಲಿ ‘ತೆಗೆದರಂತೆ’ ಆಗಿತ್ತು. ಹಣ್ಣಿನಂಗಡಿಗಳನ್ನು ದಾಟುವಾಗ ‘ಮಂಡಿಯವರೆಗೆ’ ಆಯಿತು. ಕ್ಷೌರದಂಗಡಿ ಮುಟ್ಟಿದಾಗ ‘ಎರಡೂ’ ಆಯಿತು. ಹಾರ್ಡ್‌ವೇರ್ ಯಜಮಾನರು ಅಂಗಡಿಯ ಬಾಗಿಲು ಎಳೆಯುವುದನ್ನೂ ಮರೆತು ಓಡಿಬಂದರು. ಆಚೆ ದಡಕ್ಕೆ ಹೊರಡಲಿದ್ದ ಬಸ್ಸಿನೊಳಗೆ ಎರಡೂ ದಡದ ಅಭಿಮಾನಿಗಳು ಕಿಟಕಿಯಿಂದಲೂ ಬಾಗಿಲಿಂದಲೂ ತುಂಬಿಕೊಂಡರು. ಅದರ ಹಿಂದೆ ಇನ್ನೊಂದು ಬಸ್ಸು, ಆಮೇಲೆ ಸೈಕಲ್ಲುಗಳು. ಯಾವ ಬಸ್ಸು ಎಲ್ಲಿಗೆ ಹೋಗಬೇಕಿತ್ತೋ ಅದನ್ನೆಲ್ಲ ಬಿಟ್ಟು ಆಸ್ಪತ್ರೆಗೆ ಹೊರಟಿತು. ಮೈಕಣ್ಣನ ರಟ್ಟೆ ಹಿಡಿದು ಬಸ್ಸಿಗೆ ಹತ್ತಿಸಿದವರು ಅವನ ಅತ್ತೆ. ತರಕಾರಿ ಕೊಳ್ಳಲು ಬಂದವರು ಚೀಲ ಸಮೇತ ಅಲ್ಲಿದ್ದರು.

“ಬನ್ನಿ ಅಳಿಯಂದಿರೇ. ಮುರಿದಿದ್ದೂ ನೀವೇ, ರದ್ದು ಮಾಡಿದ್ದೂ ನೀವೇ. ಕಣ್ಣಾರೆ ನೋಡಿ ಬನ್ನಿ.”

ದಾರಿಯುದ್ದಕ್ಕೂ ಬೀಗದಪ್ಪ ಕಣ್ಣೊರೆಸಿಕೊಳ್ಳುತ್ತಿದ್ದ. “ನಮ್ಮ ಕಡೆಗೆ ಅರ್ಧ ಪಂದ್ಯನೂ ಆಡಲಿಲ್ಲ,” ಎಂದ. ಹಾರ್ಡ್‌ವೇರ್ ಯಜಮಾನರು ಅವನಿಗೆ ತಮ್ಮ ಕರವಸ್ತ್ರ ಕೊಟ್ಟು, “ನಾವು ಇಷ್ಟು ವರ್ಷ ನೋಡಿದೀವಿ, ನಮ್ಮ ಹೊಟ್ಟೆ ಎಷ್ಟು ಉರೀಬೇಕು ಹೇಳಿ,” ಎಂದರು. ಕೊಟ್ಟ ಮೇಲೆ ಅದು ಎದುರಾಳಿಯ ಮೂಗು ಎಂದು ನೆನಪಾಗಿ ಸ್ವಲ್ಪ ಕಸಿವಿಸಿಪಟ್ಟರು.

ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ಕೈಯಗಲಿಸಿ ನಿಂತ. ಗದ್ದಲ ಕೇಳಿ ಒಬ್ಬ ನರ್ಸಮ್ಮ ಹೊರಗೆ ಬಂದಳು.

“ಯಾರ್ರೀ ನೀವೆಲ್ಲಾ? ಯಾರಿಗೇನಾಗಿದೆ?”

“ಚಿಗರೆ ಕಾಲು ತೆಗೆದ್ರಂತಲ್ಲಮ್ಮಾ!”

“ಯಾರ್ರೀ ಹೇಳಿದ್ದು? ಕಾಲು ಇದೆ! ಎರಡೂ ಇದೆ! ಮುರಿದ ಮೂಳೆ ಕೂಡಿಸಿ ಕಟ್ಟಿದ್ದಾರೆ, ಮೂರ್ನಾಲ್ಕು ತಿಂಗಳಿಗೆ ಓಡಾಡ್ತಾನೆ. ರದ್ದಂತೆ, ತೆಗೆದ್ರಂತೆ! ಆಗಲಿಂದ ಫೋನ್ ಎತ್ತಿ ಎತ್ತಿ ನನ್ನ ಕೈ ಬಿದ್ದುಹೋಗಿದೆ!”

ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ಬಿಟ್ಟ ಮೇಲೆ ಒಟ್ಟಿಗೆ ಮೈಕಣ್ಣನ ಕಡೆ ತಿರುಗಿದರು. ಏನಾಗುತ್ತಿತ್ತೋ ಗೊತ್ತಿಲ್ಲ, ನರ್ಸಮ್ಮ ನಡುವೆ ಬಂದು, “ಕಾಲು ರದ್ದು ಮಾಡಿದೋರು ಯಾರಾದ್ರೂ ಬಂದ್ರೆ ಒಳಗೆ ಕಳಿಸಿ ಅಂತ ಅವನೇ ಹೇಳಿದಾನೆ. ಯಾರದು? ನೀವಾ? ಒಬ್ಬರೇ ಬನ್ನಿ,” ಎಂದಳು.

ಚಿಗರೆ ಕಿಟಕಿ ಪಕ್ಕದ ಮಂಚದಲ್ಲಿದ್ದ. ಸುಣ್ಣ ಬಳಿದ ಕಂಬದಂಥ ಕಾಲೊಂದು ಹಗ್ಗದಿಂದ ನೇತಾಡುತ್ತಿತ್ತು. ಟಿವಿಯಲ್ಲಿ ಕಾಣುವುದಕ್ಕಿಂತ ಎಳೆಯ ಮುಖ. ಮೈಕಣ್ಣ ಬಾಗಿಲಲ್ಲೇ ನಿಂತ. ಹೇಳಬೇಕೆಂದುಕೊಂಡಿದ್ದೆಲ್ಲ ಮರೆತುಹೋಯಿತು.

“ಹೇಗಿದೀಯಪ್ಪಾ?” ಎಂದಷ್ಟೇ ಹೇಳಿದ.

ಚಿಗರೆ ದಿಂಬಿನಿಂದ ತಲೆಯೆತ್ತಿದ. “ಅರೆ! ಬಸ್‌ಸ್ಟ್ಯಾಂಡ್ ಧ್ವನಿ! ಅಣ್ಣಾ, ನೀವೇನಾ ಅದು? ಚಿಕ್ಕಂದಿನಿಂದ ಕೇಳಿದೀನಿ, ಇವತ್ತು ಮುಖ ನೋಡಿದೆ!”

ಶೌಚಾಲಯದ ವಿಷಯ ಅವನಿಗೆ ನೆನಪಿರಲಿಲ್ಲ. ಮೈಕಣ್ಣನೂ ನೆನಪಿಸಲಿಲ್ಲ.

“ನನ್ನನ್ನ ಕ್ಷಮಿಸಪ್ಪಾ. ನಾನು ಕೋಪದಲ್ಲಿ ಏನೋ ಅಂದೆ. ನೀನು ಹೇಳದೇ ಹೋದೆ ಅಂತ…”

“ನನಗೆ ಹೇಳಿದ್ರೆ ತಾನೇ ಅಣ್ಣಾ ನಾನು ಬೇರೆಯೋರಿಗೆ ಹೇಳೋದು?” ಎಂದ ಚಿಗರೆ. ನಗು ಮುಖದಲ್ಲೇ ಇತ್ತು, ಧ್ವನಿಯಲ್ಲಿರಲಿಲ್ಲ. “ಬೆಳಿಗ್ಗೆ ಪೇಪರ್ ನೋಡಿ ಅಮ್ಮ ಎಬ್ಬಿಸಿದ್ರು. ಮೇಜು ಕೊಟ್ಟು ಕುರ್ಚಿ ತಗೊಂಡ ಹಾಗೆ ಕೊಟ್ಟುಬಿಟ್ರು. ಮೇಜನ್ನ ಯಾರಾದ್ರೂ ಕೇಳ್ತಾರಾ? ನಮ್ಮ ಮನೆ ಇವತ್ತಿಗೂ ನಿಮ್ಮ ದಡದಲ್ಲೇ ಇದೆ. ಬೀದಿಲಿ ತಲೆ ಎತ್ತಿ ಓಡಾಡೋ ಹಾಗಿರಲಿಲ್ಲ.”

ಮೈಕಣ್ಣ ಸ್ಟೂಲಿನ ಮೇಲೆ ಕುಸಿದ. “ನನ್ನ ಹಾಳು ಬಾಯಿಂದ ನಿನ್ನ ಕಾಲು ಮುರೀತಲ್ಲೋ…”

“ಬಾಯಿಂದಾನೇ ಅಣ್ಣಾ,” ಎಂದು ಚಿಗರೆ ಈ ಸಲ ನಿಜವಾಗಿಯೂ ನಕ್ಕ. “ಆದ್ರೆ ಶಾಪದಿಂದ ಅಲ್ಲ. ಪಂದ್ಯದ ದಿನ ಯಾರಿಗೂ ಗುರುತು ಸಿಗದ ಹಾಗೆ ಟೋಪಿ ಎಳ್ಕೊಂಡು ನಿಮ್ಮ ಬಸ್‌ಸ್ಟ್ಯಾಂಡಿಗೇ ಬಂದಿದ್ದೆ. ಆಚೆ ದಡದ ಬಸ್ಸು ಮೊದಲನೇ ಪ್ಲಾಟ್‌ಫಾರಂ ಅಂದ್ರಿ. ಅಲ್ಲಿ ನಿಂತೆ. ಬಸ್ಸು ಹೊರಡೋ ಹೊತ್ತಿಗೆ ‘ಕ್ಷಮಿಸಿ, ಕೊನೇ ಪ್ಲಾಟ್‌ಫಾರಂ’ ಅಂದ್ರಿ. ಓಡಿದೆ. ಯಾರದೋ ಟ್ರಂಕು ಅಡ್ಡ ಬಂತು. ಹಾರಿದೆ. ಇಳಿಯುವಾಗ ಕಾಲು ಉಳುಕ್ತು. ಹೊಸ ಕ್ಲಬ್ಬಿಗೆ ಹೇಳಿದ್ರೆ ಕುಂಟು ಕುದುರೆ ಕಳಿಸಿದ್ದಾರೆ ಅಂತಾರೆ. ಬಿಗಿಯಾಗಿ ಪಟ್ಟಿ ಸುತ್ತಿ ಮೈದಾನಕ್ಕೆ ಇಳಿದೆ. ಆಮೇಲಿಂದು ನೀವೇ ನೋಡಿದ್ರಲ್ಲ.”

ಮೈಕಣ್ಣನಿಗೆ ನಿಂತರೆ ನೆಲ ಇಲ್ಲ, ಕೂತರೆ ಸ್ಟೂಲು ಇಲ್ಲ ಎಂಬಂತಾಯಿತು.

“ಬೇಜಾರ್ ಮಾಡ್ಕೋಬೇಡಿ ಅಣ್ಣಾ. ಚಿಕ್ಕಂದಿನಲ್ಲಿ ದಿನಾ ಅಭ್ಯಾಸಕ್ಕೆ ಹೋಗೋಕೆ ಅಲ್ಲೇ ಬಸ್ ಹಿಡೀತಿದ್ದೆ. ನೀವು ಒಂದು ಪ್ಲಾಟ್‌ಫಾರಂ ಅಂದು ಇನ್ನೊಂದು ಅಂದಾಗಲೆಲ್ಲ, ಮೂಟೆ, ಮಕ್ಕಳು, ಮುದುಕರು ಎಲ್ಲರ ನಡುವೆ ಯಾರಿಗೂ ತಾಗದ ಹಾಗೆ ಓಡ್ತಿದ್ದೆ. ನನ್ನ ಆಟ ನೋಡಿ ಯಾವ ಕೋಚ್ ಹತ್ತಿರ ಕಲಿತೆ ಅಂತ ಕೇಳ್ತಾರೆ. ಏನು ಹೇಳ್ಲಿ?”

ಮೈಕಣ್ಣನಿಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಊರಿಗೆಲ್ಲ ಹೇಳಿಕೊಂಡು ತಿರುಗಿದ ಸುಳ್ಳು ನಿಜವಾಗಿ ಎದುರಿಗೆ ಮಲಗಿತ್ತು. ಅದರ ಕಾಲು ಮುರಿದಿತ್ತು.

“ಒಂದು ಮಾತು,” ಎಂದ ಚಿಗರೆ. “ಈ ಟ್ರಂಕಿನ ಕಥೆ ಹೊರಗೆ ಹೇಳ್ಬೇಡಿ. ಕರಿನಾಲಿಗೆ ಅಂದ್ರೆ ಜನ ಹೆದರ್ತಾರೆ, ಒಂದು ಮರ್ಯಾದೆ ಇರುತ್ತೆ. ತಪ್ಪು ಪ್ಲಾಟ್‌ಫಾರಂ ಹೇಳಿದ್ರು ಅಂದ್ರೆ ಕೆಲಸಕ್ಕೇ ಸಂಚಕಾರ.”

ಬುದ್ಧಿವಂತನಾಗಿದ್ದರೆ ಮೈಕಣ್ಣ ಈ ಸಲಹೆಯನ್ನು ಪಾಲಿಸುತ್ತಿದ್ದ. ಆದರೆ ಗೇಟಿನ ಹೊರಗೆ ಎರಡೂ ದಡದ ಜನ, “ಏನಂದ? ಶಾಪ ಇಳೀತಾ?” ಎಂದು ಮುತ್ತಿಕೊಂಡಾಗ ಅವನಿಗೆ ತಡೆಯಲಾಗಲಿಲ್ಲ. ಮೈಕಿಲ್ಲದೆಯೇ ಸಾರಿದ. “ಶಾಪ ಅಲ್ಲ, ಏನೂ ಅಲ್ಲ! ನಾನು ತಪ್ಪು ಪ್ಲಾಟ್‌ಫಾರಂ ಹೇಳಿದೆ. ಹುಡುಗ ಓಡೋಕೆ ಹೋಗಿ ಟ್ರಂಕ್ ಹಾರಿ ಕಾಲು ಉಳುಕಿಸ್ಕೊಂಡ. ತಪ್ಪೆಲ್ಲಾ ನಂದೇ!”

ಶಾಪವನ್ನು ಜನ ಹೇಗೋ ಜೀರ್ಣಿಸಿಕೊಂಡಿದ್ದರು. ಇದು ಬೇರೆ ವಿಷಯ.

“ತಪ್ಪು ಪ್ಲಾಟ್‌ಫಾರಮ್ಮಾ?” ಎಂದು ಬೀಗದಪ್ಪ ಗುಡುಗಿದ. “ನನ್ನ ತಂಗಿ ಮದುವೆ ದಿನ ನನ್ನನ್ನ ಬೇರೆ ಊರಿನ ಬಸ್ಸಿಗೆ ಹತ್ತಿಸಿದೋರು ನೀವೇನಾ?”

“ನಮ್ಮ ಮಾವನ್ನ ಕಳ್ಕೊಂಡಿದ್ದೇ ನಿಮ್ಮಿಂದ!” ಎಂದರು ಹಾರ್ಡ್‌ವೇರ್ ಯಜಮಾನರು. “ಎರಡು ದಿನ ಆದ್ಮೇಲೆ ಸಿಕ್ಕಿದ್ರು!”

“ನನ್ನ ಸಂದರ್ಶನ!”

“ನನ್ನ ಟ್ರಂಕು! ಯಾರೋ ಹಾರಿ ಬೀಗ ಮುರಿದು ಹೋದ್ರು ಅಂತ ಇಷ್ಟು ದಿನ ಹುಡುಕ್ತಿದೀನಿ!”

ಊರು ಹುಟ್ಟಿದ ಮೇಲೆ ಮೊದಲ ಸಲ ಈಚೆ ದಡದವರೂ ಆಚೆ ದಡದವರೂ ಒಂದೇ ಕಡೆ ನಿಂತು, ಒಂದೇ ಮನಸ್ಸಿನಿಂದ, ಒಬ್ಬನನ್ನೇ ಬೈದರು. ಒಬ್ಬರು ಬಿಟ್ಟ ಮಾತನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು. ತಂಡದೊಳಗೆ ಚೆಂಡು ಹಾಯಿಸಿದಷ್ಟು ಹೊಂದಾಣಿಕೆ. ಮೈಕಣ್ಣ ತಲೆ ತಗ್ಗಿಸಿ ನಿಂತ. ಬೀಗದಪ್ಪ ಅಂಗಿಯ ತೋಳು ಮಡಚಿ ಒಂದು ಹೆಜ್ಜೆ ಮುಂದೆ ಬಂದಾಗ, ತರಕಾರಿ ಚೀಲವೊಂದು ಅವನ ಎದೆಗೆ ಅಡ್ಡ ಬಂತು.

“ನಿಲ್ಲಪ್ಪಾ ಅಲ್ಲೇ,” ಎಂದರು ಅತ್ತೆ. “ನಾನೂ ನಿಮ್ಮ ದಡದೋಳೇ. ನಮ್ಮ ಅಳಿಯನ್ನ ಬೈಯೋಕೆ ಮನೆಲಿ ನಾನಿದೀನಿ, ದಿನಾ ತಪ್ಪದೆ ಬೈತೀನಿ. ಹೊರಗಿನೋರ ಸಹಾಯ ಬೇಕಿಲ್ಲ. ಮುಚ್ಚಿಟ್ಟಿದ್ರೆ ಯಾರಿಗೆ ಗೊತ್ತಾಗ್ತಿತ್ತು? ಬಾಯ್ಬಿಟ್ಟು ಒಪ್ಕೊಂಡಿದ್ದಾರೆ. ನಿಮ್ಮಲ್ಲಿ ಯಾರಿಗಿದೆ ಆ ಧೈರ್ಯ? ಹೋಗಿ, ಹೋಗಿ ಬಸ್ ಹತ್ತಿ. ಯಾವ ಬಸ್ಸು ಅಂತ ಅವರನ್ನ ಮಾತ್ರ ಕೇಳ್ಬೇಡಿ.”

ಯಾರೋ ಕಿಸಕ್ಕೆಂದರು. ಆಮೇಲೆ ತಡೆಯುವವರೇ ಇಲ್ಲದಂತೆ ಎಲ್ಲರೂ ನಕ್ಕರು.

ಕೆಲಸವೇನೂ ಹೋಗಲಿಲ್ಲ. ಸಾಹೇಬರು ಎಚ್ಚರಿಕೆ ಕೊಟ್ಟು ಸುಮ್ಮನಾದರು. ಮೇಲಧಿಕಾರಿಗಳಿಗೆ ಬರೆದರೆ ಎರಡು ಬಸ್ಸು ದಾರಿ ಬಿಟ್ಟು ಆಸ್ಪತ್ರೆಗೆ ಹೋದದ್ದನ್ನೂ ಬರೆಯಬೇಕಾಗುತ್ತಿತ್ತು. ಚಿಗರೆಯ ಕಾಲು ಕೂಡಿತು. ಮೊದಲು ಊರುಗೋಲು, ಆಮೇಲೆ ನಡಿಗೆ, ಆಮೇಲೆ ಓಟ. ಮೈಕಣ್ಣ ಪ್ರತಿ ವಾರ ಅವನ ಮನೆಗೆ ಹೋಗಿ ಬರುತ್ತಿದ್ದ. ಈಗ ಅದನ್ನು ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ.

ಮರುವರ್ಷ ಎರಡು ದಡಗಳ ಪಂದ್ಯ ಈಚೆ ದಡದ ಮೈದಾನದಲ್ಲಿ ನಡೆಯಿತು. ಚಿಗರೆ ಆಚೆ ದಡದ ಅಂಗಿಯಲ್ಲಿ ಬಂದ. ಅವನನ್ನು ಕಂಡು ಈಚೆ ದಡದ ಜನಕ್ಕೆ ಏನು ಮಾಡಬೇಕೆಂದೇ ತೋಚಲಿಲ್ಲ. ಬೈಯೋಣವೆಂದರೆ ಬಾಯಿ ಬರಲಿಲ್ಲ, ಆಸ್ಪತ್ರೆಯ ಮಂಚ ಕಣ್ಣಿಗೆ ಬರುತ್ತಿತ್ತು. ಹೊಗಳೋಣವೆಂದರೆ ಅಂಗಿ ಅಡ್ಡ ಬರುತ್ತಿತ್ತು. ಅವನ ಕಾಲಿಗೆ ಚೆಂಡು ಸಿಕ್ಕಾಗಲೆಲ್ಲ ಸಾವಿರಾರು ಜನ ಯಾರದೋ ಮಗು ಮಲಗಿದೆ ಎಂಬಂತೆ ಸದ್ದಿಲ್ಲದೆ ಕೂತರು. ಚಿಗರೆಯೂ ಪೆಚ್ಚಾದ. ಬಂದ ಚೆಂಡನ್ನು ಯಾರಿಗೋ ಕೊಟ್ಟು ಸುಮ್ಮನೆ ಅತ್ತಿತ್ತ ಸುಳಿದಾಡಿದ, ನೆಂಟರ ಮನೆಗೆ ಬಂದವನ ಹಾಗೆ.

ಆಟ ಮುಗಿಯುವ ಹೊತ್ತಿಗೆ ಅವನಿಗೆ ಎಲ್ಲಿಂದಲೋ ಹುರುಪು ಬಂತು. ಒಬ್ಬನನ್ನು ಎಡಕ್ಕೆ ದಾಟಿದ, ಇನ್ನೊಬ್ಬನನ್ನು ಬಲಕ್ಕೆ. ಮೂರನೆಯವನು ತಾನಾಗಿಯೇ ಬಿದ್ದ. ಗೋಲ್‌ಕೀಪರ್ ಗೋಡೆ ಎರಡೂ ಕೈ ಚಾಚಿ ಒಂದು ಕಡೆ ಹಾರಿದ. ಚೆಂಡು ಇನ್ನೊಂದು ಕಡೆಯಿಂದ ಬಲೆಗೆ ಹೋಯಿತು.

ಈಚೆ ದಡದ ಗ್ಯಾಲರಿಯಲ್ಲಿ, ಮೈಕಣ್ಣನ ಪಕ್ಕದಲ್ಲಿ, ಅತ್ತೆಯೊಬ್ಬರೇ ಚಪ್ಪಾಳೆ ತಟ್ಟುತ್ತಿದ್ದರು. ಚಿಗರೆ ಕೈ ಎತ್ತಲಿಲ್ಲ, ಕುಣಿಯಲಿಲ್ಲ. ತಾನು ಬೆಳೆದ ಮೈದಾನದ ನಡುವೆ ನಿಂತು ಗ್ಯಾಲರಿಯ ಕಡೆ ನೋಡುತ್ತಿದ್ದ.

ಮೈಕಣ್ಣನಿಗೆ ಅದನ್ನು ನೋಡಲಾಗಲಿಲ್ಲ. ಎದ್ದು ನಿಂತ.

“ಲೋ ಕಳ್ಳಾ!” ಎಂದು ಕೂಗಿದ. ಆ ಧ್ವನಿ ಮೈದಾನದ ನಾಲ್ಕು ಮೂಲೆಗೂ ಮುಟ್ಟಿತು. “ನಮ್ಮ ಅನ್ನ ತಿಂದು ನಮಗೇ ಗೋಲು ಹೊಡೀತೀಯೇನೋ, ದ್ರೋಹೀ!”

ಸುತ್ತಲಿನವರು ಗಾಬರಿಯಿಂದ ಅವನ ಅಂಗಿ ಹಿಡಿದು ಎಳೆದರು. ಆದರೆ ಚಿಗರೆಯ ಮುಖ ಬೆಳಗಿತು. ಅವನು ಗ್ಯಾಲರಿಯ ಹತ್ತಿರಕ್ಕೆ ಓಡಿಬಂದು, ಕಿವಿಗೆ ಕೈ ಆನಿಸಿ, ಸಾಲದು ಎಂಬಂತೆ ಸನ್ನೆ ಮಾಡಿದ.

“ದ್ರೋಹೀ!” ಎಂದರು ಹಾರ್ಡ್‌ವೇರ್ ಯಜಮಾನರು ಕಣ್ಣೊರೆಸಿಕೊಳ್ಳುತ್ತಾ. “ಕಳ್ಳಾ!” ಎಂದ ಕ್ಷೌರಿಕ. ಮ್ಯಾನೇಜರ್ ಸಾಹೇಬರೂ ಬೆಂಚು ಹತ್ತಿ ನಿಂತರು. ಅಷ್ಟು ತಿಂಗಳಿಂದ ತಡೆದಿಟ್ಟುಕೊಂಡಿದ್ದುದನ್ನೆಲ್ಲ ಈಚೆ ದಡ ಒಮ್ಮೆಲೇ ಬಾಯಿ ತುಂಬ ಬೈಯಿತು. ಚಿಗರೆ ಆ ಬೈಗುಳದ ಮುಂದೆ ತಲೆಬಾಗಿ, ಮುಗಿಯುವವರೆಗೂ ಕದಲದೆ ನಿಂತಿದ್ದ. ಕೊನೆಗೆ ರೆಫರಿಯೇ ಬಂದು ಅವನ ಬೆನ್ನು ತಟ್ಟಿ, ಆಟ ಇನ್ನೂ ಮುಗಿದಿಲ್ಲ ಎಂದು ನೆನಪಿಸಬೇಕಾಯಿತು.